ಇಂಜಿನ್ ಒಂದೇ, ಮ್ಯಾನುವಲ್‌ಗೆ 50 ಎನ್‌ಎಂ ಟಾರ್ಕ್ ಕಮ್ಮಿ ಯಾಕೆ? ಬಲ್ಲವರು ಹೇಳಿ

ಕೋಟೆಗುಡ್ಡ_ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ನಮ್ಮ ಭಾವ ಬೆಂಗಳೂರಿನಲ್ಲಿದ್ದಾರೆ. ಒಂದು ಒಳ್ಳೆ ಸ್ಪೋರ್ಟ್ಸ್ ಕಾರ್ ತಗೊಳ್ಳಬೇಕು ಅಂತ ವರ್ಷಗಟ್ಟಲೆ ದುಡ್ಡು ಕೂಡಿಟ್ಟಿದ್ದಾರೆ. ಈಗ ಮನಸ್ಸು ಬಿಎಂಡಬ್ಲ್ಯು ಎಂ2 ಮೇಲೆ ನಿಂತಿದೆ. ಮ್ಯಾನುವಲ್ ತಗೊಳ್ಳೋದಾ, ಆಟೊಮ್ಯಾಟಿಕ್ಕಾ ಅನ್ನುವುದು ಮಾತ್ರ ತೀರ್ಮಾನ ಆಗಿಲ್ಲ.

ಈ ಎಂ2 ನಮ್ಮ ದೇಶಕ್ಕೆ 2023ರಲ್ಲಿ ಬಂದಾಗ 460 ಪಿಎಸ್ ಪವರ್, 550 ಎನ್‌ಎಂ ಟಾರ್ಕ್ (ಇಂಜಿನ್ ತಿರುಗಿಸುವ ಬಲ) ಇತ್ತು. ಎರಡೂ ಗೇರ್‌ಬಾಕ್ಸಿಗೆ ಅಷ್ಟೇ. 2024ರಲ್ಲಿ ಪವರ್ 480 ಪಿಎಸ್‌ಗೆ ಏರಿಸಿದರು. ಆದರೆ ಟಾರ್ಕ್ ಆಟೊಮ್ಯಾಟಿಕ್‌ಗೆ 600 ಆಯಿತು, ಆರು ಗೇರಿನ ಮ್ಯಾನುವಲ್‌ಗೆ ಹಳೆಯ 550 ಉಳಿಯಿತು. ಸೊನ್ನೆಯಿಂದ ನೂರು ಕಿಮೀ ವೇಗಕ್ಕೆ ಆಟೊಮ್ಯಾಟಿಕ್ 4.0 ಸೆಕೆಂಡ್, ಮ್ಯಾನುವಲ್ 4.2.

ನನ್ನ ಪ್ರಶ್ನೆ ಇಷ್ಟು. ಇಂಜಿನ್ ಅದೇ ಇದ್ದ ಮೇಲೆ ಒಂದಕ್ಕೆ ಕಮ್ಮಿ ಯಾಕೆ? ಕಾಗದದ ಮೇಲೆ ಹಿಂದೆ ಬೀಳುವ ಗೇರ್‌ಬಾಕ್ಸನ್ನು ತಿಳಿದವರು ಯಾಕೆ ಕೇಳಿ ಹಾಕಿಸಿಕೊಳ್ಳುತ್ತಾರೆ? ಮೂರನೆಯದು, ಭಾವ ರಜೆಗೆ ಊರಿಗೆ ಬರುವಾಗ ಇದೇ ಗಾಡಿ ತರುತ್ತಾರೆ. ನಮ್ಮ ಏಪ್ರಿಲ್ ಬಿಸಿಲು, ಸಂಡೂರು ಕಡೆಯ ಕೆಂಪು ಧೂಳು ಇದು ತಡೆಯುತ್ತಾ?

ಗೇರ್‌ಮೇಸ್ತ್ರಿ_ಕೌಲ್‌ಬಜಾರ್

ತಮ್ಮ, ಮೊದಲನೆಯದಕ್ಕೆ ಹೇಳ್ತೀನಿ. ನಾನು ಬಿಚ್ಚೋದು ಲಾರಿ, ಟಿಪ್ಪರ್ ಗೇರ್‌ಬಾಕ್ಸು. ಆದರೆ ಲೆಕ್ಕ ಎಲ್ಲಾ ಕಡೆ ಒಂದೇ.

ಇಂಜಿನ್‌ಗೆ ಕೈಲಾಗಲ್ಲ ಅಂತ ಟಾರ್ಕ್ ಕಮ್ಮಿ ಮಾಡೋದಿಲ್ಲ. ಹಿಂದೆ ಇರೋ ಕ್ಲಚ್ ಮತ್ತು ಹಲ್ಲು ಎಷ್ಟು ತಡೆಯುತ್ತೋ ಅಷ್ಟಕ್ಕೇ ಇಂಜಿನ್‌ನ ಕಂಪ್ಯೂಟರ್ ಕಟ್ಟಿಹಾಕುತ್ತೆ. ಇಂಥ ಕಡೆ ಸಾಮಾನ್ಯವಾಗಿ ಕಾರಣ ಇದೇ.

ಮ್ಯಾನುವಲ್ ಬಾಕ್ಸಿನಲ್ಲಿ ನೀವು ಯಾವ ಗೇರ್‌ನಲ್ಲಿದ್ದೀರೋ ಆ ಒಂದು ಜೋಡಿ ಚಕ್ರದ ಮೇಲೇ ಪೂರ್ತಿ ಭಾರ. ಆ ಕ್ಷಣಕ್ಕೆ ಒಂದೆರಡು ಹಲ್ಲು ಅಷ್ಟೂ ಹೊರುತ್ತವೆ. ಆಟೊಮ್ಯಾಟಿಕ್‌ನಲ್ಲಿ ಇರೋದು ಪ್ಲಾನೆಟರಿ ಗೇರು. ನಡುವೆ ಒಂದು ಚಕ್ರ, ಸುತ್ತ ಮೂರ್ನಾಲ್ಕು ಸಣ್ಣ ಚಕ್ರ. ಎಪಿಎಂಸಿಯಲ್ಲಿ ಒಂದು ಮೂಟೆಗೆ ನಾಲ್ಕು ಜನ ಕೈ ಹಾಕಿದ ಹಾಗೆ ಭಾರ ಹಂಚಿಹೋಗುತ್ತೆ. ಅದಕ್ಕೇ ಸಣ್ಣ ಡಬ್ಬಿಯಲ್ಲೇ ಜಾಸ್ತಿ ಟಾರ್ಕ್ ತಡೆಯುತ್ತೆ.

ಇನ್ನು ಕ್ಲಚ್. ಒಂದು ಪ್ಲೇಟಿನ ಕ್ಲಚ್ ಎಷ್ಟು ಹಿಡಿಯುತ್ತೆ ಅನ್ನೋದಕ್ಕೆ ಮೂರೇ ವಿಷಯ: ಲೈನಿಂಗ್ ಎಷ್ಟು ಕಚ್ಚುತ್ತೆ, ಪ್ರೆಷರ್ ಪ್ಲೇಟ್ ಎಷ್ಟು ಒತ್ತುತ್ತೆ, ಪ್ಲೇಟ್ ಎಷ್ಟು ಅಗಲ. ಒತ್ತಡ ಜಾಸ್ತಿ ಮಾಡಿದರೆ ಪೆಡಲ್ ಕಲ್ಲಾಗುತ್ತೆ, ಸಿಗ್ನಲ್‌ನಲ್ಲಿ ಮಂಡಿ ನೋಯುತ್ತೆ. ಅಗಲ ಮಾಡಿದರೆ ಪ್ಲೇಟ್ ತೂಕ ಏರುತ್ತೆ. ಆಗ ಗೇರ್ ಬದಲಿಸುವಾಗ ಅದರ ತಿರುಗಾಟ ಬೇಗ ನಿಲ್ಲಲ್ಲ, ಗೇರ್ ವೇಗ ಸರಿಹೊಂದಿಸೋ ಸಿಂಕ್ರೋ ರಿಂಗಿಗೆ ಹೊಡೆತ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಬಿಚ್ಚುತ್ತೆ. 550ಕ್ಕೆ ನಿಲ್ಲಿಸಿದ್ದು ಮೋಸ ಅಂತ ನನಗೆ ಅನ್ನಿಸಲ್ಲ. ಗೇರ್ ಹಾಕೋಕೆ ಹಿತವಾಗಿರಲಿ ಅಂತ ನಿಲ್ಲಿಸಿದ್ದಾದರೆ ಒಳ್ಳೆ ಕೆಲಸವೇ.

ಸಿಂಧನೂರು_ಭತ್ತ

ಮೇಸ್ತ್ರಿ, ನಾವು ಟ್ರ್ಯಾಕ್ಟರ್ ಓಡಿಸೋರು. ನಮಗೆ ಟಾರ್ಕ್ ಅಂದರೆ ಎಲ್ಲಾ. ಕೆಸರಿನಲ್ಲಿ ಎಳೀಬೇಕು ಅಂದರೆ ಟಾರ್ಕೇ ಬೇಕು. ಹಂಗಾದರೆ 600 ಇರೋದೇ ದೊಡ್ಡದು ಅಲ್ವಾ? ಇದರಲ್ಲಿ ಚರ್ಚೆ ಏನಿದೆ?

ಮುನಿರಾಬಾದ್_ಫಿಸಿಕ್ಸ್

ಅಣ್ಣ, ನಿಮಗೆ ಒಂದು ಲೆಕ್ಕ ತೋರಿಸುತ್ತೇನೆ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಮಕ್ಕಳಿಗೆ ಟಾರ್ಕ್, ಪವರ್ ಬಿಡಿಸಿ ಹೇಳಲು ನನಗೆ ಸಿಕ್ಕ ಅತಿ ಒಳ್ಳೆ ಜೋಡಿ ಇದು.

ನಮ್ಮ ಕೊಪ್ಪಳ, ಸಿಂಧನೂರು ರಸ್ತೆಯಲ್ಲಿ ಎಲ್ಲಿ ನೋಡಿದರೂ ಕಾಣುವ ಬೊಲೆರೊ ತಗೊಳ್ಳಿ. 1.5 ಲೀಟರ್ ಡೀಸೆಲ್. ಟಾರ್ಕ್ 210 ಎನ್‌ಎಂ. ಈಗ ಹೋಂಡಾ ಎಸ್2000 ಅಂತ ಒಂದು ಸ್ಪೋರ್ಟ್ಸ್ ಕಾರ್. 1999ರಿಂದ 2009ರವರೆಗೆ ಮಾಡಿದರು. ಎರಡು ಲೀಟರ್ ಪೆಟ್ರೋಲ್, ಟರ್ಬೊ (ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಸಾಧನ) ಇಲ್ಲ, ಆರು ಗೇರಿನ ಮ್ಯಾನುವಲ್ ಬಿಟ್ಟರೆ ಬೇರೆ ಗೇರ್‌ಬಾಕ್ಸೇ ಇರಲಿಲ್ಲ. ಹೊರದೇಶಗಳಿಗೆ ಹೋದ ಗಾಡಿಯ ಟಾರ್ಕ್ 208 ಎನ್‌ಎಂ. ಬೊಲೆರೊಗಿಂತ ಎರಡು ಕಮ್ಮಿ!

ಆದರೆ ಬೊಲೆರೊ ಪವರ್ 76 ಪಿಎಸ್, ಎಸ್2000ದ್ದು 240. ಮೂರು ಪಟ್ಟಿಗಿಂತ ಜಾಸ್ತಿ. ಟಾರ್ಕ್ ಒಂದೇ ಇದ್ದರೂ ಹೀಗೇಕೆ? ಬೊಲೆರೊ ತನ್ನ ಟಾರ್ಕನ್ನು 1600ರಿಂದ 2200 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಒಳಗೆ ಕೊಡುತ್ತದೆ, 3600ಕ್ಕೆ ಅದರ ಪವರ್ ತುದಿ ಮುಟ್ಟುತ್ತದೆ. ಎಸ್2000 ಅದೇ ಟಾರ್ಕನ್ನು 7500 ಆರ್‌ಪಿಎಂನಲ್ಲಿ ಕೊಡುತ್ತದೆ, 8300ಕ್ಕೆ ಪವರ್ ತುದಿ, 9000ಕ್ಕೆ ಕೆಂಪು ಗೆರೆ, ಅಂದರೆ ಅದಕ್ಕಿಂತ ಮೇಲೆ ತಿರುಗಿಸಬಾರದು. ಪವರ್ ಅಂದರೆ ಟಾರ್ಕ್ ಗುಣಿಸು ತಿರುಗುವ ವೇಗ. ಅಷ್ಟೇ.

ಚಕ್ರಕ್ಕೆ ಸಿಗುವುದು ಇಂಜಿನ್ ಟಾರ್ಕ್ ಅಲ್ಲ, ಗೇರ್ ಅದನ್ನು ಗುಣಿಸಿದ ಮೇಲೆ ಸಿಗುವ ಟಾರ್ಕ್. ಎಸ್2000ದ ಮೊದಲ ಗೇರಿನ ಅನುಪಾತ 3.133. ಗೇರ್‌ಬಾಕ್ಸಿನ ಒಳಗೇ ಇನ್ನೊಂದು 1.16ರ ಇಳಿಕೆ ಇದೆ. ಹಿಂದಿನ ಎರಡು ಚಕ್ರಕ್ಕೆ ತಿರುಗಾಟ ಹಂಚುವ ಡಿಫರೆನ್ಷಿಯಲ್‌ನಲ್ಲಿ 4.1. ಎಲ್ಲಾ ಗುಣಿಸಿ: 208 ಹೋಗಿ ಸುಮಾರು 3100 ಎನ್‌ಎಂ ಆಗಿ ಚಕ್ರಕ್ಕೆ ಹೋಗುತ್ತದೆ. ಇಂಜಿನ್ 9000 ತನಕ ತಿರುಗುತ್ತದೆ ಅನ್ನುವ ಧೈರ್ಯ ಇರುವುದಕ್ಕೇ ಅಷ್ಟು ಗಿಡ್ಡ ಗೇರ್ ಇಡಲು ಆಗುವುದು. 4000ಕ್ಕೆ ಉಸಿರು ಬಿಡುವ ಇಂಜಿನ್‌ಗೆ ಅದೇ ಗೇರ್ ಕೊಟ್ಟರೆ ಮೊದಲ ಗೇರು ಕಣ್ಣು ಮುಚ್ಚಿ ಬಿಡುವುದರೊಳಗೆ ಮುಗಿದು ಹೋಗುತ್ತದೆ.

ಸಿಂಧನೂರು_ಭತ್ತ

ಮೇಡಂ, ಬೊಲೆರೊ ಹಿಡಿದು ಹೇಳಿದ್ದಕ್ಕೆ ಒಂದೇ ಸಲಕ್ಕೆ ತಿಳೀತು. ನಮ್ಮ ಹುಡುಗನಿಗೂ ಓದಿ ಹೇಳಿದೆ.

ಉಕ್ಕು_ತೋರಣಗಲ್ಲು

ಒಳ್ಳೆ ಚರ್ಚೆ. ನಾನು ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಮಾಡೋನು. ಲೋಹದ ಕಡೆಯಿಂದ ಎರಡು ಮಾತು.

9000 ಆರ್‌ಪಿಎಂ ಅಂದರೆ ಸೆಕೆಂಡಿಗೆ 150 ಸುತ್ತು. ಎಸ್2000ದ ಎಫ್20ಸಿ ಇಂಜಿನ್‌ನಲ್ಲಿ ಸಿಲಿಂಡರ್ ಅಗಲ 87 ಮಿಮೀ, ಪಿಸ್ಟನ್ ಓಡುವ ದೂರ 84 ಮಿಮೀ. ಅಂದರೆ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 25.2 ಮೀಟರ್. ಅಷ್ಟು ವೇಗದಲ್ಲಿ ಹೋಗಿ, ಪೂರ್ತಿ ನಿಂತು, ಮತ್ತೆ ಕೆಳಗೆ. ಮೇಲ್ತುದಿಯಲ್ಲಿ ಪಿಸ್ಟನ್ ತಡೆಯುವ ಎಳೆತ ಗುರುತ್ವದ 4000 ಪಟ್ಟಿಗಿಂತ ಜಾಸ್ತಿ. ಆ ಎಳೆತ ಅಷ್ಟೂ ಕನೆಕ್ಟಿಂಗ್ ರಾಡ್ ಮತ್ತು ಅದರ ಬೋಲ್ಟ್ ಮೇಲೆ. ಆ ರಾಡು ಫೋರ್ಜ್ ಮಾಡಿದ ಉಕ್ಕು. ಇದನ್ನು ಮಾಮೂಲಿ ಷೋರೂಮಿನಲ್ಲಿ, ವಾರಂಟಿ ಕೊಟ್ಟು, ಹತ್ತು ವರ್ಷ ಮಾರಿದರು. ನನಗೆ ಇವತ್ತಿಗೂ ಅದು ದೊಡ್ಡ ಕೆಲಸ ಅನ್ನಿಸುತ್ತದೆ.

ಪೋರ್ಷೆ 911 ಜಿಟಿ3 ತಗೊಳ್ಳಿ. 4 ಲೀಟರ್, ಆರು ಸಿಲಿಂಡರ್, ಮೂರು ಆ ಕಡೆ ಮೂರು ಈ ಕಡೆ ಮಲಗಿರುತ್ತವೆ. ಅದೂ 9000 ಆರ್‌ಪಿಎಂ. ಅಲ್ಲಿ ಅಗಲ 102, ಓಟ 81.5 ಮಿಮೀ. ಪಿಸ್ಟನ್ ವೇಗ 24.5 ಹತ್ತಿರ. ದೊಡ್ಡ ಇಂಜಿನ್ ಆದರೂ ಓಟ ಗಿಡ್ಡ ಮಾಡಿದ್ದಕ್ಕೆ ಅಷ್ಟು ತಿರುಗುತ್ತದೆ.

ಇನ್ನು ಎಂ2ದ ಎಸ್58 ಇಂಜಿನ್. ಮೂರು ಲೀಟರ್, ಸಾಲಾಗಿ ನಿಂತ ಆರು ಸಿಲಿಂಡರ್, ಎರಡು ಟರ್ಬೊ. ಅಗಲ 84, ಓಟ 90 ಮಿಮೀ. ಕೆಂಪು ಗೆರೆ 7200. ಲೆಕ್ಕ ಹಾಕಿದರೆ ಪಿಸ್ಟನ್ ವೇಗ 21.6. ವೇಗದ ವಿಷಯದಲ್ಲಿ ಇದು ಹೋಂಡಾದಷ್ಟು ಒದ್ದಾಡುವುದಿಲ್ಲ. ಇದರ ಕಷ್ಟ ಬೇರೆ: ಟರ್ಬೊ ತುಂಬುವ ಒತ್ತಡ. ಅದಕ್ಕೇ ಬ್ಲಾಕಿನ ಮೇಲ್ಭಾಗ ಸಿಲಿಂಡರ್ ಸುತ್ತ ಮುಚ್ಚಿಕೊಂಡೇ ಇರುತ್ತದೆ, ಗೋಡೆ ಅಲುಗಾಡಬಾರದು ಅಂತ. ಕ್ರ್ಯಾಂಕ್ ಫೋರ್ಜ್ ಮಾಡಿದ್ದು. ಸಿಲಿಂಡರ್ ಒಳಗೆ ಬೇರೆ ಲೈನರ್ ಹಾಕುವುದಿಲ್ಲ, ಕಬ್ಬಿಣದ ತಂತಿ ಕರಗಿಸಿ ಸ್ಪ್ರೇ ಮಾಡಿ ತೆಳ್ಳಗೆ ಪದರ ಕೂರಿಸುತ್ತಾರೆ. ಹೆಡ್ ಎರಕ ಹೊಯ್ಯಲು ಬೇಕಾದ ಮರಳಿನ ಅಚ್ಚನ್ನು 3ಡಿ ಪ್ರಿಂಟ್ ಮಾಡುತ್ತಾರೆ. ಹಳೆ ರೀತಿಯ ಅಚ್ಚಿನಲ್ಲಿ ತರಲಾಗದ ನೀರಿನ ದಾರಿಗಳು ಇದರಲ್ಲಿ ಬರುತ್ತವೆ. ಎರಕದ ಕೆಲಸ ಗೊತ್ತಿರುವವರಿಗೆ ಇದರ ಬೆಲೆ ಗೊತ್ತು.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಮ್ಯಾನುವಲ್‌ನ ನಿಜವಾದ ಜೋಡಿ ಟರ್ಬೊ ಇಲ್ಲದ, ಮೇಲೆ ತಿರುಗುವ ಇಂಜಿನ್. ಟರ್ಬೊದಲ್ಲಿ 2700ಕ್ಕೇ ಎಲ್ಲಾ ಟಾರ್ಕ್ ಬಂದುಬಿಡುತ್ತದೆ. ಯಾವ ಗೇರ್‌ನಲ್ಲಿದ್ದರೂ ನಡೆಯುತ್ತದೆ. ಆಮೇಲೆ ಗೇರ್ ಆರಿಸಿಕೊಳ್ಳುವ ಕೈಗೆ ಏನು ಕೆಲಸ?

ಕೊಪ್ಪಳ_ಆಟೊಮ್ಯಾಟಿಕ್

ನಾನು ಆ ಕಡೆಯವನೇ, ಹೆಸರಲ್ಲೇ ಇದೆ. ಸರ್, ಕೈಗೆ ಕೆಲಸ ಇರಬೇಕು ಅಂತ ಒಂದು ಕೋಟಿ ಯಾಕೆ ಕೊಡಬೇಕು? ಇವರ ಭಾವ ಇರೋದು ಬೆಂಗಳೂರಿನಲ್ಲಿ. ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಎಡಗಾಲು ಹೋಗಿರುತ್ತದೆ. ಆಟೊಮ್ಯಾಟಿಕ್ ಬೇಗ ಬದಲಿಸುತ್ತದೆ, ತಪ್ಪು ಗೇರ್ ಹಾಕುವುದಿಲ್ಲ, ಟಾರ್ಕ್ ಜಾಸ್ತಿ, ಎಂಟು ಗೇರ್ ಇರುವುದರಿಂದ ಹೈವೇಯಲ್ಲಿ ಇಂಜಿನ್ ಆರಾಮಾಗಿ ತಿರುಗುತ್ತದೆ. ಇವೆಲ್ಲಾ ಸಣ್ಣ ವಿಷಯ ಅಲ್ಲ. ಗಾಡಿಯನ್ನು ದಿನಾ ಓಡಿಸುವವರಿಗೆ ಇದೇ ಸರಿ ಅಂತ ನನಗೆ ಖಂಡಿತ ಅನ್ನಿಸುತ್ತದೆ.

ಮುನಿರಾಬಾದ್_ಫಿಸಿಕ್ಸ್

ನೀವು ಹೇಳಿದ್ದರಲ್ಲಿ ಸುಳ್ಳು ಒಂದೂ ಇಲ್ಲ. ದಿನಾ ಟ್ರಾಫಿಕ್‌ನಲ್ಲಿ ಓಡಿಸುವುದಾದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಕೋಟೆಗುಡ್ಡದವರ ಎರಡನೇ ಪ್ರಶ್ನೆ ಉಳಿದಿದೆ: ತಿಳಿದವರು ಮ್ಯಾನುವಲ್ ಯಾಕೆ ಕೇಳುತ್ತಾರೆ?

ಅದಕ್ಕೆ ಉತ್ತರ ಗೇರ್‌ಗಳ ಅಂಕಿಯಲ್ಲೇ ಇದೆ. ಎಸ್2000ದ ಆರು ಗೇರ್: 3.133, 2.045, 1.481, 1.161, 0.971, 0.811. ಇಂಜಿನ್‌ನ ಸ್ವಭಾವ ಏನು? ಅದರಲ್ಲಿ ವಿಟೆಕ್ ಇದೆ, ಅಂದರೆ ವಾಲ್ವ್ ಎತ್ತುವ ಉಬ್ಬು (ಕ್ಯಾಮ್) ಎರಡು ಥರ. ಸುಮಾರು 6000 ಆರ್‌ಪಿಎಂ ತನಕ ವಾಲ್ವ್‌ಗಳನ್ನು ಸಣ್ಣ ಕ್ಯಾಮ್ ಎತ್ತುತ್ತದೆ. ಅದು ದಾಟಿದ ಮೇಲೆ ಆಯಿಲ್ ಒತ್ತಡ ಒಂದು ಪಿನ್ನನ್ನು ತಳ್ಳಿ ವಾಲ್ವ್ ಒತ್ತುವ ತೋಳುಗಳಾದ ರಾಕರ್‌ಗಳನ್ನು ಒಟ್ಟಿಗೆ ಕಟ್ಟುತ್ತದೆ. ಆಗ ದೊಡ್ಡ ಕ್ಯಾಮ್ ಕೆಲಸಕ್ಕೆ ಬರುತ್ತದೆ, ವಾಲ್ವ್ ಜಾಸ್ತಿ ಎತ್ತಿ ಜಾಸ್ತಿ ಹೊತ್ತು ತೆರೆದಿಡುತ್ತದೆ. ಸದ್ದೇ ಬದಲಾಗುತ್ತದೆ. ಗಾಡಿಯ ಜೀವ ಇರುವುದು 6000ದ ಮೇಲೆ.

ಈಗ ಎರಡನೇ ಗೇರ್‌ನಲ್ಲಿ 9000 ತನಕ ಹೋಗಿ ಮೂರನೆಯದಕ್ಕೆ ಹಾಕಿ. 9000 ಗುಣಿಸು 1.481 ಭಾಗಿಸು 2.045. ಇಂಜಿನ್ 6500ಕ್ಕೆ ಇಳಿಯುತ್ತದೆ. ದೊಡ್ಡ ಕ್ಯಾಮ್ ಇನ್ನೂ ಕೆಲಸದಲ್ಲೇ ಇರುತ್ತದೆ. ಮೂರರಿಂದ ನಾಲ್ಕಕ್ಕೆ 7050. ನಾಲ್ಕರಿಂದ ಐದಕ್ಕೆ 7500, ಅಂದರೆ ಟಾರ್ಕ್ ತುದಿ ಇರುವ ಜಾಗಕ್ಕೇ ಬಂದು ಇಳಿಯುತ್ತದೆ! ಒಂದರಿಂದ ಎರಡಕ್ಕೆ ಮಾತ್ರ 5870, ಗೆರೆಯ ಸ್ವಲ್ಪ ಕೆಳಗೆ. ಇಂಜಿನ್ ಮಾಡಿದವರು ಮತ್ತು ಗೇರ್ ಕೊರೆದವರು ಒಂದೇ ಮೇಜಿನಲ್ಲಿ ಕೂತಿದ್ದರು ಅಂತ ಈ ಅಂಕಿಗಳೇ ಹೇಳುತ್ತವೆ.

ಆದರೆ ಇದರಲ್ಲಿ ಒಂದು ಷರತ್ತು ಇದೆ. ಓಡಿಸುವವನು 9000ದ ಹತ್ತಿರ ಹೋಗಿಯೇ ಗೇರ್ ಬದಲಿಸಬೇಕು. 7000ಕ್ಕೇ ಎರಡರಿಂದ ಮೂರಕ್ಕೆ ಹಾಕಿದರೆ 5070ಕ್ಕೆ ಬೀಳುತ್ತದೆ, ದೊಡ್ಡ ಕ್ಯಾಮ್ ಕೈಬಿಡುತ್ತದೆ. ಯಾವಾಗ ಬದಲಿಸಬೇಕು ಅನ್ನುವುದನ್ನು ಇಂಜಿನ್ ನಿಮ್ಮ ಕೈಗೇ ಬಿಟ್ಟಿದೆ. ಮ್ಯಾನುವಲ್ ಕೇಳುವವರು ಕೇಳುವುದು ಇದನ್ನು. 0.2 ಸೆಕೆಂಡ್ ಅವರ ಲೆಕ್ಕದಲ್ಲೇ ಇಲ್ಲ.

ಉಕ್ಕು_ತೋರಣಗಲ್ಲು

ಮೇಡಂ, ಇದನ್ನೇ ನಾನು ಹೇಳಬೇಕು ಅಂದುಕೊಂಡಿದ್ದೆ, ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ಪೋರ್ಷೆ ಕಥೆಯೂ ಸೇರಿಸುತ್ತೇನೆ. 2013ರ ಜಿಟಿ3ಯಲ್ಲಿ ಮ್ಯಾನುವಲ್ ತೆಗೆದೇ ಹಾಕಿದರು, ಪಿಡಿಕೆ ಅನ್ನುವ ಎರಡು ಕ್ಲಚ್ಚಿನ ಗೇರ್‌ಬಾಕ್ಸ್ ಮಾತ್ರ. ಅದು ವೇಗವಾಗಿತ್ತು, ಆದರೂ ಪ್ರೀತಿಸುವವರು ಒಪ್ಪಲಿಲ್ಲ. 2016ರಲ್ಲಿ 911 ಆರ್ ಅಂತ ಬರೀ 991 ಗಾಡಿ ಮಾಡಿದರು, ಎಲ್ಲವೂ ಆರು ಗೇರಿನ ಮ್ಯಾನುವಲ್. ಮುಂದಿನ ವರ್ಷ, 2017ರ ಜಿಟಿ3ಯಲ್ಲಿ ಮ್ಯಾನುವಲ್ ವಾಪಸ್ ಬಂತು. ಗಿರಾಕಿ ಕೇಳಿದ್ದಕ್ಕೆ ಕಂಪನಿ ಕಿವಿ ಕೊಟ್ಟಿತು.

ತುದಿಗೆ ಹೋದರೆ ಕಾರ್ ವಿನ್ಯಾಸಕ ಗಾರ್ಡನ್ ಮರ್ರಿಯ ಟಿ.50 ಅನ್ನುವ ಕಾರ್ ಇದೆ. ಕಾಸ್‌ವರ್ತ್ ಮಾಡಿದ 4 ಲೀಟರ್ ವಿ12, ಟರ್ಬೊ ಇಲ್ಲ, 12,100 ಆರ್‌ಪಿಎಂ. ಇಂಜಿನ್ ತೂಕ 178 ಕೆಜಿ ಅಷ್ಟೇ. ಅದಕ್ಕೆ ಕಟ್ಟಿದ್ದು ಎಕ್ಸ್‌ಟ್ರಾಕ್‌ನ ಆರು ಗೇರಿನ ಮ್ಯಾನುವಲ್. ದುಡ್ಡಿಗೆ ಕೊರತೆ ಇಲ್ಲದ ಕಡೆ, ಏನು ಬೇಕಾದರೂ ಹಾಕಬಹುದಾಗಿದ್ದ ಕಡೆ, ಮ್ಯಾನುವಲ್ಲೇ ಆರಿಸಿದರು.

ಕೋಟೆಗುಡ್ಡ_ಬಳ್ಳಾರಿ

ಸರ್, ಮೇಡಂ, ಇದನ್ನೆಲ್ಲಾ ಭಾವನಿಗೆ ಕಳಿಸಿದ್ದೇನೆ. ಅವರು ಒಂದು ಕೇಳಿದರು. ಎಂ2ದಲ್ಲಿ ಟರ್ಬೊ ಇರುವುದರಿಂದ ಈ ಮಾತು ಅದಕ್ಕೆ ಅನ್ವಯಿಸಲ್ಲವಾ? ಉಕ್ಕು ಸರ್ ಹೇಳಿದ ಹಾಗೆ ಕೈಗೆ ಕೆಲಸವೇ ಇರಲ್ಲವಾ?

ಗೇರ್‌ಮೇಸ್ತ್ರಿ_ಕೌಲ್‌ಬಜಾರ್

ಇರುತ್ತೆ. ಮೇಲೆ ಹೋಗುವಾಗ ಕಮ್ಮಿ, ಕೆಳಗೆ ಬರುವಾಗ ಜಾಸ್ತಿ. ಗೇರ್ ಇಳಿಸೋದು ಹೆಂಗೆ ಅನ್ನೋದರಲ್ಲೇ ಡ್ರೈವರ್ ಗೊತ್ತಾಗೋದು.

ನನ್ನ ಟೇಬಲ್ ಮೇಲೆ ಈಗ ಒಂದು ಸಿಂಕ್ರೋ ರಿಂಗ್ ಇದೆ. ಹಿತ್ತಾಳೆ ಬಣ್ಣ. ಒಳಗಡೆ ಇಳಿಜಾರು, ಆ ಇಳಿಜಾರಿನ ತುಂಬಾ ಕೂದಲಷ್ಟು ಸಣ್ಣ ಗೆರೆ. ಆಯಿಲ್ ಕತ್ತರಿಸಿ ಹೊರಗೆ ಹಾಕೋಕೆ ಆ ಗೆರೆ. ಗೇರ್ ಚಕ್ರದ ಮೇಲೂ ಅದೇ ಅಳತೆಯ ಇಳಿಜಾರು ಇರುತ್ತೆ. ನೀವು ಲಿವರ್ ತಳ್ಳಿದಾಗ ಸ್ಲೀವ್ ಈ ರಿಂಗನ್ನು ಆ ಇಳಿಜಾರಿಗೆ ಒತ್ತುತ್ತೆ. ಉಜ್ಜಾಟದಲ್ಲಿ ಎರಡರ ವೇಗ ಒಂದಾಗುತ್ತೆ. ಒಂದಾಗೋ ತನಕ ರಿಂಗಿನ ಹೊರಗಿನ ಹಲ್ಲು ಸ್ಲೀವನ್ನು ಮುಂದೆ ಬಿಡಲ್ಲ. ಒಂದಾದ ಕೂಡಲೇ ದಾರಿ ಬಿಡುತ್ತೆ, ಗೇರ್ ಬೀಳುತ್ತೆ. ಲಿವರ್‌ನಲ್ಲಿ ನಿಮಗೆ ಒಂಚೂರು ತಡೆ ಸಿಕ್ಕಿ ಆಮೇಲೆ ಟಕ್ ಅಂತ ಒಳಗೆ ಹೋಗುತ್ತಲ್ಲ, ಆ ತಡೆ ಇದೇ.

ರಿಂಗ್ ಒಳ್ಳೇದಾ ಅಂತ ನೋಡೋಕೆ ಅದನ್ನು ಚಕ್ರದ ಇಳಿಜಾರಿಗೆ ಕೈಯಲ್ಲಿ ಒತ್ತಿ ತಿರುಗಿಸಬೇಕು. ಒಳ್ಳೆ ರಿಂಗ್ ಕಚ್ಚಿ ನಿಲ್ಲುತ್ತೆ. ಸವೆದಿದ್ದು ಜಾರುತ್ತೆ. ಆಮೇಲೆ ರಿಂಗಿಗೂ ಚಕ್ರದ ಹಲ್ಲಿಗೂ ನಡುವೆ ಫಿಲ್ಲರ್ ಗೇಜ್ ಹಾಕಿ ಸಂದು ನೋಡಬೇಕು. ಸವೆದಷ್ಟೂ ರಿಂಗ್ ಒಳಗೆ ಕೂರುತ್ತೆ, ಸಂದು ಕಮ್ಮಿ ಆಗುತ್ತೆ.

ಈಗ ಸಿಂಧನೂರಿನವರಿಗೆ ಗೊತ್ತಿರೋ ವಿಷಯ. ಸಿಂಕ್ರೋ ಇಲ್ಲದ ಟ್ರ್ಯಾಕ್ಟರ್, ಹಳೆ ಲಾರಿಯಲ್ಲಿ ಡಬಲ್ ಕ್ಲಚ್ ಹೊಡೀತೀರಿ. ಕ್ಲಚ್ ಒತ್ತಿ ನ್ಯೂಟ್ರಲ್, ಬಿಟ್ಟು ಒಂದು ರೇಸ್, ಮತ್ತೆ ಒತ್ತಿ ಕೆಳಗಿನ ಗೇರ್. ಸಿಂಕ್ರೋ ಮಾಡೋ ಕೆಲಸ ನಿಮ್ಮ ಕಾಲೇ ಮಾಡುತ್ತೆ. ಸ್ಪೋರ್ಟ್ಸ್ ಕಾರಲ್ಲಿ ತಿರುವಿಗೆ ಬರುವಾಗ ಬಲಗಾಲಿನ ಮುಂಭಾಗ ಬ್ರೇಕ್ ಮೇಲೆ ಇರುವಾಗಲೇ ಪಾದದ ಅಂಚಿನಿಂದ ರೇಸ್ ಕೊಟ್ಟು ಗೇರ್ ಇಳಿಸ್ತಾರೆ. ಕ್ಲಚ್ ಬಿಟ್ಟಾಗ ಹಿಂದಿನ ಚಕ್ರ ಜಗ್ಗಬಾರದು, ಅದಕ್ಕೆ. ಸರಿಯಾಗಿ ಬಂದರೆ ಕಾರಲ್ಲಿ ಕೂತವರಿಗೆ ಗೇರ್ ಇಳಿದದ್ದೇ ಗೊತ್ತಾಗಲ್ಲ. ಎಂ2ದಲ್ಲಿ ಈ ರೇಸನ್ನು ಕಂಪ್ಯೂಟರೇ ಕೊಡುತ್ತೆ. ಬೇಡ ಅಂದರೆ ಅದನ್ನು ಬಂದ್ ಮಾಡಬಹುದು. ಕಲಿಯೋ ಆಸೆ ಇದ್ದರೆ ಬಂದ್ ಮಾಡಿಯೇ ಕಲೀಲಿ. ಟರ್ಬೊ ಇದ್ದರೇನು, ಇಲ್ಲದಿದ್ದರೇನು, ಈ ಕೆಲಸ ಕೈಕಾಲಿಗೆ ಇದ್ದೇ ಇರುತ್ತೆ.

ಸಿಂಧನೂರು_ಭತ್ತ

ಡಬಲ್ ಕ್ಲಚ್ ನಮ್ಮಪ್ಪ ಹೇಳಿಕೊಟ್ಟಿದ್ದು. ರೇಸ್ ಕಾರಿನವರೂ ಅದನ್ನೇ ಮಾಡ್ತಾರೆ ಅಂತ ಇವತ್ತೇ ಗೊತ್ತಾಗಿದ್ದು.

ರಾಯಚೂರು_ಬಿಸಿಲು

ಮೂರನೇ ಪ್ರಶ್ನೆ ಯಾರೂ ಮುಟ್ಟಿಲ್ಲ. ನಾನು ಕೊಲ್ಲಿ ದೇಶದಲ್ಲಿ ಗ್ಯಾರೇಜಿನಲ್ಲಿ ಕೆಲಸ ಮಾಡಿ ಊರಿಗೆ ಬಂದವನು. ಬಿಸಿಲು, ಧೂಳು ಎರಡೂ ಅಲ್ಲೂ ನೋಡಿದ್ದೇನೆ, ಇಲ್ಲೂ ನೋಡುತ್ತಿದ್ದೇನೆ.

ಬಿಸಿಲು ಮೊದಲು. 15 ಡಿಗ್ರಿ ಗಾಳಿಗೂ ನಮ್ಮ 40 ಡಿಗ್ರಿ ಗಾಳಿಗೂ ಸಾಂದ್ರತೆಯಲ್ಲಿ ಶೇ 8ರಷ್ಟು ವ್ಯತ್ಯಾಸ. ಟರ್ಬೊ ಇಲ್ಲದ ಇಂಜಿನ್ ಅಷ್ಟು ಕಮ್ಮಿ ಗಾಳಿ ಕುಡಿಯುತ್ತದೆ, ಪವರ್ ಇಳಿಯುತ್ತದೆ. ಟರ್ಬೊ ಇದ್ದರೆ ಒತ್ತಿ ತುಂಬಿಸಿ ಸರಿದೂಗಿಸಬಹುದು. ಆದರೆ ಒತ್ತಿದಾಗ ಗಾಳಿ ಕಾಯುತ್ತದೆ. 40 ಡಿಗ್ರಿ ಗಾಳಿಯನ್ನು ಎರಡು ಪಟ್ಟು ಒತ್ತಡಕ್ಕೆ ಒತ್ತಿದರೆ ಟರ್ಬೊದಿಂದ ಹೊರಗೆ ಬರುವಾಗ 130 ಡಿಗ್ರಿ ದಾಟಿರುತ್ತದೆ. ಎಸ್58ರಲ್ಲಿ ಅದನ್ನು ತಣ್ಣಗೆ ಮಾಡಲು ನೀರಿನ ಕೂಲರ್ ಇದೆ. ಆ ನೀರಿಗೆ ಬೇರೆಯದೇ ರೇಡಿಯೇಟರ್ ಮುಂದೆ ಇದೆ. ಆ ರೇಡಿಯೇಟರ್ ಜಾಲರಿಯಲ್ಲಿ ಧೂಳು, ಹುಳ ಕೂತರೆ ಪವರ್ ತಾನಾಗೇ ಇಳಿಯುತ್ತದೆ. ಊರಿಗೆ ಬಂದು ಹೋದ ಮೇಲೆ ಒಂದು ಸಲ ಕಮ್ಮಿ ಒತ್ತಡದ ನೀರಿನಲ್ಲಿ ತೊಳೆಸಿ. ಜೋರಾಗಿ ಹೊಡೆದರೆ ಜಾಲರಿ ಮಡಚಿ ಹೋಗುತ್ತದೆ.

ಪೆಟ್ರೋಲ್. ಇಂಥ ಇಂಜಿನ್‌ಗೆ ಆಕ್ಟೇನ್ (ಹೊತ್ತಿಗೆ ಮುಂಚೆ ಸಿಡಿಯದ ಗುಣ) ಜಾಸ್ತಿ ಇರುವ ಪೆಟ್ರೋಲೇ ಹಾಕಬೇಕು. ಇಂಡಿಯನ್ ಆಯಿಲ್‌ನವರು 2020ರ ಕೊನೆಯಲ್ಲಿ 100 ಆಕ್ಟೇನ್ ಪೆಟ್ರೋಲ್ ತಂದರು. ಅದು ಎಲ್ಲಾ ಬಂಕಿನಲ್ಲೂ ಸಿಗುವುದಿಲ್ಲ. ಬೆಂಗಳೂರಿನಲ್ಲೇ ಟ್ಯಾಂಕ್ ತುಂಬಿಸಿಕೊಂಡು ಹೊರಡಿ. ಮಧ್ಯೆ ಮಾಮೂಲಿ ಪೆಟ್ರೋಲ್ ಹಾಕಬೇಕಾಗಿ ಬಂದರೆ ಇಂಜಿನ್ ಹಾಳಾಗುವುದಿಲ್ಲ. ಅಂಥ ಸಿಡಿತ ಗುರುತಿಸುವ ನಾಕ್ ಸೆನ್ಸರ್ ಕಿಡಿಯ ಸಮಯ ಹಿಂದೆ ಸರಿಸುತ್ತದೆ, ಪವರ್ ಇಳಿಯುತ್ತದೆ. ಆ ಟ್ಯಾಂಕ್ ಮುಗಿಯುವ ತನಕ ಬಿಸಿಲಿನಲ್ಲಿ ಪೂರ್ತಿ ರೇಸ್ ಒತ್ತಬಾರದು, ಅಷ್ಟೇ.

ಧೂಳು. ನಮ್ಮ ಅದಿರು ಹೆಮಟೈಟ್. ಆ ಕೆಂಪು ಪುಡಿ ಮೆತ್ತಗೆ ಕಂಡರೂ ಗಟ್ಟಿ. ಏರ್ ಫಿಲ್ಟರ್ ದಾಟಿ ಒಳಗೆ ಹೋದರೆ ಸಿಲಿಂಡರ್ ಗೋಡೆಯನ್ನು ತಿಕ್ಕುತ್ತದೆ. ಕಂಪನಿಯ ಕಾಗದದ ಫಿಲ್ಟರ್ ಬಿಟ್ಟು ಬೇರೆ ಹಾಕಬೇಡಿ. ಸದ್ದು ಚೆನ್ನಾಗಿ ಬರುತ್ತದೆ ಅಂತ ಬಾಯಿ ತೆರೆದ ಫಿಲ್ಟರ್ ಹಾಕಿಸುವ ಹುಡುಗರನ್ನು ಕಂಡರೆ ನನಗೆ ಸಂಕಟ ಆಗುತ್ತದೆ. ಅದಿರು ಲಾರಿ ಹಿಂದೆ ಹತ್ತಿರ ಹತ್ತಿರ ಹೋಗಬೇಡಿ. ಫಿಲ್ಟರ್ ಬದಲಿಸುವ ಸಮಯ ಪುಸ್ತಕದಲ್ಲಿ ಬರೆದಿದ್ದಕ್ಕಿಂತ ಮುಂಚೆಯೇ ಬದಲಿಸಿ.

ಗೇರ್‌ಮೇಸ್ತ್ರಿ_ಕೌಲ್‌ಬಜಾರ್

ರಾಯಚೂರಿನ ತಮ್ಮ ಹೇಳಿದ್ದು ನೂರಕ್ಕೆ ನೂರು. ಅದರ ಜೊತೆ ಗೇರ್ ಆಯಿಲ್ ವಿಷಯ ಸೇರಿಸ್ಕೊಳ್ಳಿ. ನಮ್ಮ ಕಡೆ ಗೇರ್‌ಬಾಕ್ಸ್ ಅಂದ ಕೂಡಲೇ 90 ಆಯಿಲ್ ಸುರಿಯೋ ರೂಢಿ. ಲಾರಿ ಡಿಫರೆನ್ಷಿಯಲ್‌ಗೆ ಸರಿ. ಹಿತ್ತಾಳೆ ರಿಂಗ್ ಇರೋ ಕಾರ್ ಗೇರ್‌ಬಾಕ್ಸಿಗೆ ಜಿಎಲ್-5 ದರ್ಜೆಯ ಇಂಥ ಆಯಿಲ್ ಹಾಕಬಾರದು. ಅದರಲ್ಲಿರೋ ಗಂಧಕದ ಮದ್ದು ಹಿತ್ತಾಳೆಯನ್ನು ತಿನ್ನಬಹುದು. ಅದಕ್ಕಿಂತ ಮೊದಲು ಆಗೋದು ಏನಂದರೆ, ಆಯಿಲ್ ಜಾರು ಜಾಸ್ತಿ ಆಗಿ ರಿಂಗ್ ಕಚ್ಚೋದೇ ಇಲ್ಲ, ಗೇರ್ ಕರ್ ಅನ್ನುತ್ತೆ. ಕಂಪನಿ ಯಾವ ಗ್ರೇಡ್ ಬರೆದಿದೆಯೋ ಅದೇ ಹಾಕಬೇಕು, ದುಬಾರಿ ಆದರೂ.

ಕೊಪ್ಪಳ_ಆಟೊಮ್ಯಾಟಿಕ್

ಎಲ್ಲಾ ಓದಿದೆ. ಎಸ್2000ದ ಗೇರ್ ಲೆಕ್ಕ ನನಗೂ ಹಿಡಿಸಿತು, ಮೇಡಂ. ಆದರೂ ಒಂದು ಅಪಾಯ ಹೇಳಲೇಬೇಕು. ಆಟೊಮ್ಯಾಟಿಕ್‌ನಲ್ಲಿ ಇಂಜಿನ್ ಮೀರಿ ತಿರುಗುವ ಗೇರ್ ಕೇಳಿದರೆ ಅದು ಕೊಡುವುದಿಲ್ಲ. ಮ್ಯಾನುವಲ್‌ನಲ್ಲಿ ಕೈ ತಪ್ಪಿದರೆ?

ಮುನಿರಾಬಾದ್_ಫಿಸಿಕ್ಸ್

ಇದು ನಿಜಕ್ಕೂ ದೊಡ್ಡ ಅಪಾಯ. ಅದೇ ಎಸ್2000 ಅಂಕಿಯಲ್ಲೇ ನೋಡೋಣ. ನಾಲ್ಕನೇ ಗೇರ್‌ನಲ್ಲಿ 9000 ಇದೆ, ಐದಕ್ಕೆ ಹಾಕಲು ಹೋಗಿ ಕೈ ಮೂರಕ್ಕೆ ಬಿತ್ತು ಅಂದುಕೊಳ್ಳಿ. ಕ್ಲಚ್ ಬಿಟ್ಟ ಕೂಡಲೇ ಚಕ್ರಗಳು ಇಂಜಿನ್ನನ್ನು 11,480 ಆರ್‌ಪಿಎಂಗೆ ಎಳೆಯುತ್ತವೆ. ಮೂರರಿಂದ ನಾಲ್ಕಕ್ಕೆ ಬದಲು ಎರಡಕ್ಕೆ ಬಿದ್ದರೆ 12,400. ರೆವ್ ಲಿಮಿಟರ್ ಇದೆಯಲ್ಲಾ ಅಂತ ಅಂದುಕೊಳ್ಳಬೇಡಿ. ಅದು ಪೆಟ್ರೋಲ್ ನಿಲ್ಲಿಸುತ್ತದೆ ಅಷ್ಟೇ. ಇಲ್ಲಿ ಇಂಜಿನ್ನನ್ನು ತಿರುಗಿಸುತ್ತಿರುವುದು ರಸ್ತೆ. ವಾಲ್ವ್ ಸ್ಪ್ರಿಂಗ್ ಹಿಂದೆ ಬೀಳುತ್ತದೆ, ವಾಲ್ವ್ ತೆರೆದೇ ಇರುವಾಗ ಪಿಸ್ಟನ್ ಬಂದು ಬಡಿಯುತ್ತದೆ.

ತಪ್ಪಿಸುವ ದಾರಿ ಸರಳ. ಲಿವರ್ ಬಿಗಿಯಾಗಿ ಹಿಡಿಯಬಾರದು. ಮೇಲಕ್ಕೆ ಹಾಕುವಾಗ ನ್ಯೂಟ್ರಲ್‌ಗೆ ಬಂದ ಕೂಡಲೇ ಲಿವರನ್ನು ಅದರ ಸ್ಪ್ರಿಂಗಿಗೆ ಬಿಟ್ಟುಬಿಡಬೇಕು, ಅದೇ ಮೂರು-ನಾಲ್ಕರ ಸಾಲಿಗೆ ತಂದು ನಿಲ್ಲಿಸುತ್ತದೆ. ಐದಕ್ಕೆ ಹೋಗುವಾಗ ಮಾತ್ರ ಅಂಗೈಯಿಂದ ಬಲಕ್ಕೆ ಒತ್ತಬೇಕು. ಕೈ ತಿರುವಿ ಎಳೆಯುವ ಅಭ್ಯಾಸ ಇರುವವರಿಗೇ ಇದು ತಪ್ಪುವುದು.

ಕೋಟೆಗುಡ್ಡ_ಬಳ್ಳಾರಿ

ಭಾವ ಮ್ಯಾನುವಲ್ ಅಂತ ಹೇಳಿಬಿಟ್ಟರು! ಟೆಸ್ಟ್ ಡ್ರೈವ್‌ಗೆ ಹೋಗುವಾಗ ನಾನೂ ಜೊತೆಗೆ ಹೋಗುತ್ತೇನೆ. ಮೇಸ್ತ್ರಿ, ಏನೇನು ನೋಡಬೇಕು? ಹೊಸ ಗಾಡಿ ಬೇಗ ಸಿಗದಿದ್ದರೆ ಒಂದೆರಡು ವರ್ಷ ಓಡಿದ್ದೂ ನೋಡುವ ಮನಸ್ಸಿದೆ.

ಗೇರ್‌ಮೇಸ್ತ್ರಿ_ಕೌಲ್‌ಬಜಾರ್

ಹೊಸದರಲ್ಲಿ ನೋಡೋದು ಜಾಸ್ತಿ ಇಲ್ಲ. ಪೆಡಲ್ ಭಾವನ ಕಾಲಿಗೆ ಒಗ್ಗುತ್ತಾ, ಸೀಟು ಸರಿಸಿಕೊಂಡಾಗ ಕ್ಲಚ್ ಪೂರ್ತಿ ಒತ್ತೋಕೆ ಆಗುತ್ತಾ ನೋಡಿ. ಅರ್ಧಕ್ಕೆ ಒತ್ತಿ ಗೇರ್ ಹಾಕಿದರೆ ಸಿಂಕ್ರೋ ಬೇಗ ಹೋಗುತ್ತೆ.

ಓಡಿದ ಗಾಡಿ ಆದರೆ ಇಂಜಿನ್ ತಣ್ಣಗಿರುವಾಗಲೇ ಹೋಗಿ. ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಇನ್ನೊಂದು ದಿನ ಬರ್ತೀವಿ ಅನ್ನಿ. ತಣ್ಣಗಿರುವಾಗ ಒಂದರಿಂದ ಎರಡಕ್ಕೆ, ಮೂರರಿಂದ ಎರಡಕ್ಕೆ ಹಾಕಿ. ಎರಡನೇ ಗೇರೇ ಜಾಸ್ತಿ ಹೊಡೆತ ತಿನ್ನೋದು, ಮೊದಲ ಗೇರಿನಿಂದ ಬರುವಾಗ ವೇಗದ ಅಂತರ ದೊಡ್ಡದು. ಸ್ವಲ್ಪ ಬಿಗಿ ಇದ್ದರೆ ಪರವಾಗಿಲ್ಲ, ಕರ್ ಅಂದರೆ ಬೇಡ.

ಆಮೇಲೆ ಕ್ಲಚ್. ಖಾಲಿ ರಸ್ತೆಯಲ್ಲಿ ನಾಲ್ಕು ಅಥವಾ ಐದನೇ ಗೇರ್ ಹಾಕಿ, 2500 ಆರ್‌ಪಿಎಂನಿಂದ ರೇಸ್ ಪೂರ್ತಿ ಒತ್ತಿ. ಈ ಇಂಜಿನ್ ಟಾರ್ಕ್ ಪೂರ್ತಿ ಬರೋದೇ ಆ ಹೊತ್ತಿಗೆ. ಗಾಡಿ ವೇಗ ಏರದೆ ಆರ್‌ಪಿಎಂ ಮುಳ್ಳು ಮಾತ್ರ ಹಾರಿದರೆ ಕ್ಲಚ್ ಜಾರ್ತಾ ಇದೆ. ನ್ಯೂಟ್ರಲ್‌ನಲ್ಲಿ ಪೆಡಲ್ ಒತ್ತಿದಾಗ ಸದ್ದು ಬಂದರೆ ರಿಲೀಸ್ ಬೇರಿಂಗ್ ಅನುಮಾನ. ಬಿಟ್ಟಾಗ ಗೇರ್‌ಬಾಕ್ಸ್ ಕಡೆಯಿಂದ ಗಡಗಡ ಬಂದರೆ ಡಬಲ್ ಮಾಸ್ ಫ್ಲೈವೀಲ್ (ಇಂಜಿನ್ ಅದುರಾಟ ತಡೆಯೋ ಎರಡು ಭಾಗದ ಗಾಲಿ) ನೋಡಿಸಬೇಕು. ಒಳಗಿನ ಸ್ಪ್ರಿಂಗ್ ಸಡಿಲ ಆಗಿರುತ್ತೆ. ಅದು ರಿಪೇರಿ ಆಗೋ ಸಾಮಾನಲ್ಲ, ಪೂರ್ತಿ ಬದಲಿಸಬೇಕು, ದುಡ್ಡು ಜಾಸ್ತಿ.

ರಾಯಚೂರು_ಬಿಸಿಲು

ಮೇಸ್ತ್ರಿ ಪಟ್ಟಿಗೆ ಒಂದು ಸೇರಿಸುತ್ತೇನೆ. ಬಿಎಂಡಬ್ಲ್ಯು ಎಂ ಗಾಡಿಗಳಿಗೆ 2000 ಕಿಮೀಗೆ ಒಂದು ರನ್ನಿಂಗ್-ಇನ್ ಸರ್ವಿಸ್ ಇರುತ್ತದೆ. ಇಂಜಿನ್ ಆಯಿಲ್ ಮತ್ತು ಹಿಂದಿನ ಡಿಫರೆನ್ಷಿಯಲ್ ಆಯಿಲ್ ಆಗ ಬದಲಿಸುತ್ತಾರೆ. ಹೊಸ ಹಲ್ಲುಗಳು ಒಂದಕ್ಕೊಂದು ಕೂರುವಾಗ ಬಿಡುವ ಸಣ್ಣ ಲೋಹದ ಪುಡಿ ಆ ಆಯಿಲ್ ಜೊತೆ ಹೊರಗೆ ಹೋಗುತ್ತದೆ. ಓಡಿದ ಗಾಡಿ ತಗೊಳ್ಳುವುದಾದರೆ ಸರ್ವಿಸ್ ದಾಖಲೆಯಲ್ಲಿ ಈ ಒಂದು ಸಾಲು ಇದೆಯಾ ಅಂತ ಮೊದಲು ನೋಡಿ. ಇಲ್ಲ ಅಂದರೆ ಬೆಲೆ ಎಷ್ಟೇ ಕಮ್ಮಿ ಹೇಳಲಿ, ಆ ಗಾಡಿ ಬಿಟ್ಟುಬಿಡಿ. ಹೊಸದಾದರೆ ಆ 2000 ಕಿಮೀ ಆಗುವ ತನಕ ಭಾವ ಕೆಂಪು ಗೆರೆ ಹತ್ತಿರ ಹೋಗದಿರಲಿ.